ಕಾಗದದ ಗೌರಿ

ಆ ಕಾಲದಲ್ಲಿ ನಮ್ಮವ್ವ ನನ್ನನ್ನು ಬೈದರೆ ದನಿ ಮಿಡಿಗೇಶಿ ಬೆಟ್ಟಕ್ಕೆ ಬಡಿದು ವಾಪಸು ಬರುತ್ತಿತ್ತು. ನನ್ನಷ್ಟು ಬೈಗುಳ ಸಂಪಾದಿಸಿದ ಹುಡುಗ ಇನ್ನೊಬ್ಬನಿದ್ದರೆ ಈಗಲೂ ಕರೆತನ್ನಿ, ನೋಡೋಣ. ನಿಮ್ಮ ಮನೆಯಲ್ಲೂ ಅಂಥ ಅವ್ವ ಇದ್ದಿರಬೇಕು.

ಒಂದು ವರ್ಷ ನನ್ನ ಪುಟ್ಟ ತಂಗಿ ಗೌರಿ ಜ್ವರದಲ್ಲಿ ತೀರಿಕೊಂಡಳು. ಅವ್ವ ಅಳಲಿಲ್ಲ; ಮಾತೇ ನಿಂತುಹೋಯಿತು. ಮುದ್ದೆ ತಟ್ಟೆಗೆ ಹಾಕುತ್ತಿದ್ದಳು, ‘ಉಣ್ಣು’ ಎನ್ನುತ್ತಿರಲಿಲ್ಲ. ಬೈಯಲಿ ಎಂದೇ ನಾನು ರಾಗಿ ಹಿಟ್ಟಿನ ಡಬ್ಬದಲ್ಲಿ ಕಪ್ಪೆ ಬಿಟ್ಟೆ. ಅವಳ ಸೆರಗನ್ನು ಮೇಕೆಯ ಕುತ್ತಿಗೆಗೆ ಕಟ್ಟಿದೆ. ಗಂಟು ಬಿಚ್ಚಿಕೊಂಡು ಎದ್ದುಹೋದಳು, ಅಷ್ಟೇ. ನನಗೆ ಭಯ ಹುಟ್ಟಿದ್ದು ಆಗ.

ಬೇಸಿಗೆ ಬಂತು. ನಮ್ಮ ಕಡೆ ಹೆಂಗಸರು ರದ್ದಿ ಕಾಗದವನ್ನು ಮೆಂತ್ಯದ ಜೊತೆ ನೆನೆಸಿ, ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಮಡಕೆಯ ಮೇಲೆ ಮೆತ್ತಿ, ಕಾಳು ತುಂಬಿಡುವ ಪುಟ್ಟಿ ಮಾಡುವ ಕಾಲ. ಅಜ್ಜಿ ಒಂದು ಹೊರೆ ಕಾಗದ ತಂದು ಅವ್ವನ ಮುಂದೆ ಸುರಿದಳು.

“ಕೈ ಆಡ್ಸು ಕಣಮ್ಮ. ಬಾಯಿ ಆಮ್ಯಾಕೆ ಬತ್ತದೆ, ಬುಡು.”

ಅವ್ವ ರುಬ್ಬಿದಳು. ಮನೆಯೆಲ್ಲಾ ಮೆಂತ್ಯದ ಕಹಿ ವಾಸನೆ. ಮಡಕೆಯ ಮೇಲೆ ಮೆತ್ತುತ್ತಾ ಮೆತ್ತುತ್ತಾ ಹೆಬ್ಬೆಟ್ಟಿನಿಂದ ಎರಡು ಕಣ್ಣು ಒತ್ತಿದಳು, ಮೂಗು ಚಿವುಟಿ ಎತ್ತಿದಳು. ಗೌರಿಯ ಮುಖ! ಒಣಗಿದ ಮೇಲೆ ನೋಡುವಳು, ಹೋಲಲಿಲ್ಲವೆಂದು ನೀರಿಗೆ ಹಾಕುವಳು, ಮತ್ತೆ ರುಬ್ಬುವಳು. ಅಜ್ಜಿಯೇ ಹೆದರಿದಳು.

“ಇದೇನೇ ತಾಯಿ, ಸತ್ತೋಳ್ನ ದಿನಾ ರುಬ್ತೀಯಾ?”

ಒಂದು ಮಧ್ಯಾಹ್ನ ಬಿಸಿಲಿಗಿಟ್ಟ ಮುಖದ ಎದುರು ಕೂತೆ. ಈ ಸಲ ಥೇಟ್ ಅವಳೇ. ಗೌರಿ ಮಲಗಿದ್ದಾಗೆಲ್ಲ ನಾನು ಮಾಡುತ್ತಿದ್ದುದನ್ನೇ ಮಾಡಿದೆ. ಒಲೆಯ ಇದ್ದಿಲು ತಂದು ದಪ್ಪ ಮೀಸೆ ಬರೆದೆ.

ಅವ್ವ ಹಿಂದೆಯೇ ನಿಂತಿದ್ದಳು.

“ಲೇ ಹಾಳಾದೋನೇ! ಮಲ್ಗಿರೋ ಮಗೀಗೆ ಮೀಸೆ ಬರೀಬ್ಯಾಡ ಅಂತ ಎಷ್ಟ್ ಸಲ ಬಡ್ಕಬೇಕ್ಲಾ ನಿಂಗೆ!”

ಪೊರಕೆ ಬೆನ್ನ ಮೇಲೆ ಬಿತ್ತು. ಇನ್ನೊಂದು ಏಟಿಗೆ ಎತ್ತಿದ ಕೈ ಹಾಗೇ ನಿಂತಿತು.

“ಮಲ್ಗಿಲ್ಲ ಕಣ್ಲಾ ಅವ್ಳು,” ಎಂದು ಕುಸಿದು ಕೂತು, ಮೊದಲ ಸಲ ಅತ್ತಳು. ನಾನು ಗೆದ್ದೆನೆಂದು ಬೀಗಬೇಕಿತ್ತು. ಅವಳಿಗಿಂತ ಜೋರಾಗಿ ಅತ್ತೆ.

ಆ ಮುಖವನ್ನು ಅವಳು ಮತ್ತೆ ನೀರಿಗೆ ಹಾಕಲಿಲ್ಲ. ಅಂಚಿಗೆ ಇನ್ನಷ್ಟು ಕಾಗದ ಮೆತ್ತಿ, ಪುಟ್ಟಿ ಮಾಡಿ, ಹುರುಳಿ ತುಂಬಿದಳು. ಆಮೇಲೆ ಮಾಡಿದ ಪುಟ್ಟಿಗಳನ್ನು ಬೋರಲು ಹಾಕಿದರೆ ತಳದಲ್ಲಿ ಎರಡು ಹೆಬ್ಬೆಟ್ಟಿನ ಗುಳಿ ಕಾಣುತ್ತಿದ್ದವು. ಗೌರಿಯ ಹೆಸರನ್ನು ಮಾತ್ರ ಸಾಯುವ ತನಕ ಎತ್ತಲಿಲ್ಲ.

ಕೊನೆಯ ಪುಟ್ಟಿಯನ್ನು ಇಲಿ ತಿಂದವು. ಈಗ ಮನೆ ತುಂಬ ಪ್ಲಾಸ್ಟಿಕ್ ಡಬ್ಬಗಳು, ತಳವೆಲ್ಲ ನುಣ್ಣಗೆ. ಮೊನ್ನೆ ಮೊಮ್ಮಗಳು ಮಲಗಿದ್ದಾಗ ಕಾಡಿಗೆಯಲ್ಲಿ ಮೀಸೆ ಬರೆದೆ. ಸೊಸೆ ನಕ್ಕು ಫೋಟೊ ತೆಗೆದಳು. ನಾನು ಬೆನ್ನು ಬಗ್ಗಿಸಿಕೊಂಡೇ ಸ್ವಲ್ಪ ಹೊತ್ತು ಕಾದೆ. ಯಾರೂ ಬೈಯಲಿಲ್ಲ.