ಮಲ್ಲೇಶಿಯ ಅದಲುಬದಲು

ಸಂಜೆ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಹೆಂಡತಿ ಮೂಸಂಬಿ ಸುಲಿಯುತ್ತಿದ್ದಳು. ಟೀವಿಯಲ್ಲಿ ಹಾಕಿ ಪಂದ್ಯ ಇನ್ನೇನು ಶುರುವಾಗುವುದಿತ್ತು. ಹಳೆಯ ತಂಡ ಬೇಡವೆಂದು ಬಿಟ್ಟುಕೊಟ್ಟ ಫಾರ್ವರ್ಡ್ ಆಟಗಾರನೊಬ್ಬ ಹೊಸ ತಂಡದ ಅಂಗಿ ತೊಟ್ಟು ನಿಂತಿದ್ದ. ತಂಡ ಬದಲಾದ ಮಾತ್ರಕ್ಕೆ ಇವನ ಆಟ ಸುಧಾರಿಸೀತೇ ಎಂದು ಕೋಟು ತೊಟ್ಟ ಪಂಡಿತರಿಬ್ಬರು ತರ್ಕಿಸುತ್ತಿದ್ದರು. ನನ್ನದೂ ಒಂದು ತೀರ್ಪು ಇರಲೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಸಿಪ್ಪೆಯ ಆ ಚುರುಕು ವಾಸನೆ ಮೂಗಿಗೆ ಬಡಿದು, ತೀರ್ಪು ಗಂಟಲಲ್ಲೇ ಉಳಿಯಿತು.

ಏಕೆಂದರೆ ಹಾಕಿಯಲ್ಲಿ ನನ್ನ ಪಾಂಡಿತ್ಯವೆಲ್ಲ ಮೂಸಂಬಿಯದೇ. ನೌಕರಿಯ ದಿನಗಳಲ್ಲಿ ಇಲ್ಲಿನ ಕಾರ್ಖಾನೆಯ ಲೆಕ್ಕಪತ್ರ ವಿಭಾಗದ ಹಾಕಿ ತಂಡಕ್ಕೆ ನಾನು ಮ್ಯಾನೇಜರ್ ಆಗಿದ್ದೆ. ಮಧ್ಯಂತರದಲ್ಲಿ ಹಣ್ಣಿನ ಹೋಳು ಹಂಚುವುದು, ಸೋತ ಮೇಲೆ ಅಂಪೈರನ ದೃಷ್ಟಿದೋಷದ ಬಗ್ಗೆ ಮಾತಾಡುವುದು, ಈ ಎರಡು ಹೊಣೆಗಳನ್ನು ನಾನು ಎಂದೂ ತಪ್ಪಿಸಿದವನಲ್ಲ.

ನಮ್ಮ ತಂಡವನ್ನು ನೀವು ನೋಡಬೇಕಿತ್ತು. ಎಲ್ಲ ಧಾರವಾಡ, ಬಿಜಾಪುರ, ಕಲಬುರ್ಗಿ ಕಡೆಯವರೇ. ಮೈದಾನವೆಂದರೆ ಮದುವೆಮನೆಯ ಪಡಸಾಲೆ ಇದ್ದಂತೆ. ಕ್ಯಾಪ್ಟನ್ ಹಣಮಂತರಾವ್ ಎಲ್ಲರಿಗೂ ಕಾಕಾ. ಉಳಿದವರು ಅಣ್ಣಂದಿರು, ಮಾಮಂದಿರು. ಎಲ್ಲರಿಗಿಂತ ಚಿಕ್ಕವನು ಗದಗಿನ ಮಲ್ಲೇಶಿ. ಆಟದ ಬಲದಿಂದಲೇ ಅವನಿಗೆ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಆ ವರ್ಷ ಕಾರ್ಖಾನೆಯ ದೊಡ್ಡ ತಂಡಕ್ಕೆ ಆಯ್ಕೆಯಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಗದಗಿನ ರೈಲು.

ಬೆಲ್ಲಕ್ಕೆ ಇರುವೆ ಅಂಟಿದಂತೆ ಚೆಂಡು ಅವನ ಸ್ಟಿಕ್ಕಿಗೆ ಅಂಟುತ್ತಿತ್ತು. ಎದುರಾದವರನ್ನೆಲ್ಲ ದಾಟಿ ಗೋಲಿನ ಮುಂದೆ ಬರುವನು. ಬಂದು, ನಿಂತು, ಸುತ್ತ ನೋಡುವನು. ಎಡಗಡೆ ಕಾಕಾ ಏದುಸಿರು ಬಿಡುತ್ತ ಕೈ ಎತ್ತಿದ್ದರೆ ಚೆಂಡು ಅವರಿಗೇ. ಹಿರಿಯರು ಬಡಿಸೆಂದು ಕೂತಿರುವಾಗ ತಾನೇ ಉಣ್ಣುವುದುಂಟೇ? ಕಾಕಾ ಅದನ್ನು ಸಕಲ ಗಾಂಭೀರ್ಯದಿಂದ ಗೋಲಿನ ಹೊರಗೆ ಹೊಡೆಯುವರು.

"ಅಂವ ಗೋಲು ಹೊಡ್ಯಾಂಗಿಲ್ಲ ಬಿಡ್ರಿ," ಎಂದು ಕೊನೆಗೆ ಕಾಕಾ ಅಪ್ಪಣೆ ಕೊಡಿಸಿದರು. "ಭಾಳ ಓಡ್ತಾನ, ಖರೆ. ಎದಿ ಇಲ್ಲ."

ನಮ್ಮಲ್ಲೊಂದು ಪದ್ಧತಿ. ವಿಭಾಗಗಳ ಪಂದ್ಯಾವಳಿಗೆ ಮುಂಚೆ ಇಬ್ಬರು ಕ್ಯಾಪ್ಟನ್ನರು ಒಪ್ಪಿದರೆ ತಲಾ ಒಬ್ಬ ಆಟಗಾರನನ್ನು ಬದಲಾಯಿಸಿಕೊಳ್ಳಬಹುದು. ಕ್ಯಾಂಟೀನಿನಲ್ಲಿ ಒಂದು ಚಹಾ ಮುಗಿಯುವುದರೊಳಗೆ ಕಾಕಾ ಮಲ್ಲೇಶಿಯನ್ನು ಮಷೀನ್ ಶಾಪಿನವರಿಗೆ ಕೊಟ್ಟು, ಅವರ ಸ್ಥೂಲಕಾಯದ ಗೋಲ್‌ಕೀಪರನನ್ನು ತಂದರು. ಗೋಲಿನ ಮುಕ್ಕಾಲು ಪಾಲು ಅವನ ದೇಹವೇ ಮುಚ್ಚುತ್ತದೆಂಬುದು ಲೆಕ್ಕ. ಎಷ್ಟಾದರೂ ನಾವು ಲೆಕ್ಕಪತ್ರದವರು.

"ಕಾಕಾ, ನಂದೇನ್ ತಪ್ಪಾತ್ರಿ?" ಮಲ್ಲೇಶಿಯ ಕಣ್ಣು ತುಂಬಿತ್ತು.

"ತಪ್ಪಲ್ಲೋ, ಹವಾ ಬದಲಾವಣಿ."

ದೈವದ ಕುಚೇಷ್ಟೆ ನೋಡಿ, ಅವನ ಹೊಸ ತಂಡದ ಮೊದಲ ಪಂದ್ಯ ನಮ್ಮ ಮೇಲೆಯೇ ಬಂತು. ಆಯ್ಕೆ ಮಾಡುವವರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮಲ್ಲೇಶಿ ಎಂದಿನಂತೆ ನುಗ್ಗಿದ, ಎಂದಿನಂತೆ ನಿಂತು ಸುತ್ತ ನೋಡಿದ. ಗೋಲು ಕಾಯಲು ಹಿಂದೆ ಓಡಿಬಂದಿದ್ದ ಕಾಕಾ ಹಳೆಯ ರೂಢಿಯಿಂದ ಕೈ ಎತ್ತಿದರು. ಇವನು ಹಳೆಯ ರೂಢಿಯಿಂದ ಚೆಂಡನ್ನು ಅವರಿಗೇ ಒಪ್ಪಿಸಿಬಿಟ್ಟ! ಮೈದಾನವಿಡೀ ನಕ್ಕಿತು. ಕುರ್ಚಿಯವರೂ ನಕ್ಕರು. ನನಗೆ ಮಾತ್ರ ಗದಗಿನ ರೈಲು ಸೀಟಿ ಹೊಡೆದಂತಾಯಿತು.

ಮಷೀನ್ ಶಾಪಿನ ಕ್ಯಾಪ್ಟನ್ ಸತ್ತಾರ್ ಭಾಯಿ ಬೈಯಲಿಲ್ಲ. ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟು, "ಪೂಛೋ ನಕ್ಕೋ ಮಿಯಾ, ಮಾರೋ! ಇಧರ್ ತುಮ್ಹಾರೆ ಚಾಚಾ ಕೋಯಿ ನೈ," ಎಂದರು. ಕೇಳಬೇಡ, ಹೊಡಿ, ಇಲ್ಲಿ ನಿನಗೆ ಕಾಕಾ ಯಾರೂ ಇಲ್ಲ. ಗುರೂಪದೇಶವೆಂದರೆ ಅಷ್ಟೇ.

ಆಟ ಮುಗಿಯುವ ಹೊತ್ತಿಗೆ ಮತ್ತೆ ಚೆಂಡು ಅವನಿಗೆ ಸಿಕ್ಕಿತು. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. "ಮಲ್ಲೇಶೀ, ಇಲ್ಲೆ ಕೊಡೋ!" ಎಂದು ಕಾಕಾ ಈ ಸಲ ಬೇಕೆಂತಲೇ ಕೂಗಿ ಕೈ ಎತ್ತಿದರು. ಹುಡುಗ ತಲೆ ತಗ್ಗಿಸಿದ. ತಗ್ಗಿಸಿದವನು ಹೊಡೆದ ನೋಡಿ! ನಮ್ಮ ಮಹಾಕಾಯನ ದೇಹ ಮುಚ್ಚದೆ ಬಿಟ್ಟಿದ್ದ ಆ ಕಾಲು ಪಾಲಿನಲ್ಲಿ ಚೆಂಡು ನುಗ್ಗಿ ಹಲಗೆಗೆ ಬಡಿದ ಸದ್ದು! ಸೋಲುತ್ತಿರುವ ತಂಡದ ಮ್ಯಾನೇಜರನಾದ ನಾನು ಕುಣಿದಾಡಿದೆ. ಹಣ್ಣಿನ ತಾಟು ಎತ್ತಲೋ ಹಾರಿತು.

ಪಂದ್ಯ ಮುಗಿದದ್ದೇ ಮಲ್ಲೇಶಿ ಬಂದು ಕಾಕಾನ ಕಾಲು ಮುಟ್ಟಿದ.

"ಕ್ಷಮಾ ಮಾಡ್ರಿ ಕಾಕಾ, ನಿಮಗ ಕೇಳದ ಹೊಡದ್ಬಿಟ್ಟೆ."

"ನಾ ಕೈ ಎತ್ತಿದ್ದು ಕಾಣಲಿಲ್ಲೇನ್ಲೇ?"

"ಕಾಣ್ತಿತ್ರಿ. ಅದಕ್ಕ ತಲಿ ಕೆಳಗ ಹಾಕ್ಕೊಂಡೆ."

ಕಾಕಾ ಅವನ ಕೊರಳಪಟ್ಟಿ ಹಿಡಿದು ಕುರ್ಚಿಯವರ ಮುಂದೆ ಎಳೆದೊಯ್ದು, "ನಮ್ಮ ಹುಡುಗ ರೀ ಇಂವ! ನಾನಽ ತಯಾರ ಮಾಡೀನಿ!" ಎಂದು ಸಾರಿದರು. ಮಲ್ಲೇಶಿ ದೊಡ್ಡ ತಂಡ ಸೇರಿದ, ಕೆಲಸವೂ ಕಾಯಂ ಆಯಿತು. ಕಾಕಾ ಬದುಕಿರುವವರೆಗೆ ಆ ಶ್ರೇಯಸ್ಸನ್ನು ಯಾರಿಗೂ ಪಾಸು ಮಾಡಲಿಲ್ಲ.

ಟೀವಿಯಲ್ಲಿ ಗದ್ದಲವೆದ್ದಿತು. ಆ ಹೊಸ ಅಂಗಿಯವನು ಚೆಂಡಿನೊಂದಿಗೆ ಗೋಲಿನ ಹತ್ತಿರ ಬಂದಿದ್ದ. ಪಕ್ಕದಲ್ಲಿ ಅವನ ತಂಡದ ಹಿರಿತಲೆಯೊಂದು ಕೈ ಎತ್ತಿ ಬೇಡುತ್ತಿತ್ತು. ನಾನು ಎದ್ದು ನಿಂತಿದ್ದೆ, ಮಂಡಿನೋವು ಮರೆತು. ಅವನು ಹೊಡೆದ. ಚೆಂಡು ಕಂಬಕ್ಕೆ ಬಡಿದು ಆಚೆ ಹೋಯಿತು.

ನನ್ನ ಚಪ್ಪಾಳೆ ಕೇಳಿ ಹೆಂಡತಿ ತಲೆ ಎತ್ತಿದಳು. "ಗೋಲಾತೇನ್ರಿ?"

"ಇಲ್ಲ. ಆದ್ರ ಯಾರನ್ನೂ ಕೇಳಲಿಲ್ಲ ನೋಡು!"