ಕಟ್ಟೆಯ ಮೇಲೆ ಉದುರಿದ ಕಾಳು

ಧಾನ್ಯದ ಮಾರುಕಟ್ಟೆಯಲ್ಲಿ ಅವಳನ್ನು ಎಲ್ಲರೂ ಮೊರದತ್ತೆ ಎಂದೇ ಕರೆಯುತ್ತಿದ್ದರು. ಹಮಾಲರಿಗೂ ಅತ್ತೆ, ಲಾರಿ ಓಡಿಸುವವರಿಗೂ ಅತ್ತೆ, ಅವಳಿಗಿಂತ ಹಿರಿಯನಾದ ತೂಕದವನಿಗೂ ಅತ್ತೆ. ಹಾಗೆ ನೋಡಿದರೆ ಅವಳು ನಿಜವಾಗಿ ಅತ್ತೆಯಾಗಬೇಕಾದದ್ದು ನನಗೊಬ್ಬಳಿಗೆ, ಅಪ್ಪನ ಅಕ್ಕ. ಮಾರುಕಟ್ಟೆಯೊಳಗೆ ಕಾಲಿಟ್ಟರೆ ಮಾತ್ರ ನನ್ನ ಪಾಲಿಗೆ ಅವಳು ಅಷ್ಟಾಗಿ ಉಳಿಯುತ್ತಿರಲಿಲ್ಲ.

ಹರಾಜು ಮುಗಿದು, ಚೀಲಗಳ ಬಾಯಿ ಹೊಲಿದು, ಹಮಾಲರು ಅವನ್ನು ಬೆನ್ನಿಗೇರಿಸಿ ಲಾರಿಯತ್ತ ಹೋದ ಮೇಲೆ ಅವಳ ಕೆಲಸ ಶುರುವಾಗುತ್ತಿತ್ತು. ಕೊಕ್ಕೆ ಚುಚ್ಚಿದ ತೂತಿನಿಂದ, ಹೊಲಿಗೆಯ ಸಂದಿನಿಂದ ಸೋರಿದ ಮೆಕ್ಕೆಜೋಳ ಅಂಗಡಿಗಳ ಮುಂದಿನ ಕಟ್ಟೆಗಳ ಮೇಲೆ ಹರಡಿರುತ್ತಿತ್ತು. ಉದ್ದ ಪೊರಕೆಯಿಂದ ಅದನ್ನು ಒಟ್ಟುಮಾಡುವಳು. ಮೋಟು ಪೊರಕೆಯಿಂದ ಕಲ್ಲುಹಾಸಿನ ಸಂದುಗಳನ್ನು ಕೆದಕುವಳು. ಆಮೇಲೆ ಗಾಳಿಗೆ ಬೆನ್ನು ಕೊಟ್ಟು ನಿಂತು ಮೊರದಲ್ಲಿ ಕೇರುವಳು. ಕಾಳು ಒಂದು ಗೇಣು ಮೇಲೆದ್ದು ಅವಳ ಕಡೆಗೇ ಮರಳುತ್ತಿತ್ತು, ಧೂಳು ಹೊಟ್ಟು ಬೇರೆ ದಾರಿ ಹಿಡಿಯುತ್ತಿದ್ದವು. ಸಂಜೆಯ ಬಿಸಿಲಿನಲ್ಲಿ ಆ ಹೊಟ್ಟಿಗೂ ಒಂದು ಚಂದ ಇರುತ್ತಿತ್ತು.

ಇದಕ್ಕೆ ಸಂಬಳವಿರಲಿಲ್ಲ. ಉದುರಿದ ಕಾಳೇ ಕೂಲಿ. ಅವಳ ಗಂಡ, ನನ್ನ ಮಾವ, ಹಿಂದೆ ಅಲ್ಲೇ ಹಮಾಲನಾಗಿದ್ದವನು. ಲಾರಿಗೆ ಚಾಚಿದ ಹಲಗೆ ಜಾರಿ, ಚೀಲದ ಸಮೇತ ಬಿದ್ದು ಬೆನ್ನು ಮುರಿದುಕೊಂಡ. ಪರಿಹಾರ ಕೇಳಲು ಹೋದಾಗ ಮಾರುಕಟ್ಟೆ ಮಂಡಳಿಯ ಅಂದಿನ ಹಿರಿಯರು, ಹೆಂಡತಿ ಬಂದು ಕಟ್ಟೆ ಗುಡಿಸಿಕೊಳ್ಳಲಿ, ಬಿದ್ದದ್ದೆಲ್ಲ ಅವಳಿಗೇ ಎಂದರಂತೆ. ಗಂಡ ಬಿದ್ದದ್ದಕ್ಕೆ ಬಿದ್ದ ಕಾಳು ಕೊಟ್ಟು ಕೈತೊಳೆದುಕೊಂಡರು. ಅತ್ತೆ ಅದನ್ನು ಉಪಕಾರವೆಂದು ಎಂದೂ ಹೇಳಲಿಲ್ಲ. ಹಕ್ಕು ಎನ್ನುತ್ತಿದ್ದಳು.

ಎಣ್ಣೆ ಗಿರಣಿಯ ಹಿಂದೆ ಅವರಿಗೆ ಎರಡು ಕೋಣೆಯ ಮನೆ. ಗೋಡೆ ಮುಟ್ಟಿದರೆ ಜಿಡ್ಡು ಕೈಗೆ ಅಂಟುತ್ತಿತ್ತು. ಕಿಟಕಿಯ ಪಕ್ಕದ ಮಂಚದಲ್ಲಿ ಮಾವ ಮಗ್ಗುಲಾಗಿ ಮಲಗಿ, ಅತ್ತೆ ತಂದ ಕಾಳನ್ನು ತಟ್ಟೆಯಲ್ಲಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದ. ಗಟ್ಟಿ ಕಾಳು ಅಡುಗೆಗೆ, ಒಡಕಲು ಕೋಳಿ ಸಾಕುವವರಿಗೆ. ಆ ಮನೆಯ ಒಲೆ ಉರಿಯುತ್ತಿದ್ದುದು ಅದರಿಂದ. ಮಾವ ತಾನಿನ್ನೂ ದುಡಿಯುವವನು ಎಂದು ನಂಬಿದ್ದುದೂ ಅದರಿಂದಲೇ.

ಗುಡಿಸುವುದಕ್ಕೆ ಅತ್ತೆಯದೊಂದು ಕಟ್ಟುಪಾಡಿತ್ತು. ಮಾರಲು ಬಂದ ರೈತ ಕಟ್ಟೆ ಇಳಿಯುವವರೆಗೆ ಪೊರಕೆ ತಾಗಿಸುವಂತಿಲ್ಲ. ಅವನು ನಿಂತಿರುವಷ್ಟು ಹೊತ್ತು ನೆಲದ ಮೇಲಿನ ಕಾಳೂ ಅವನದೇ. ಬೇಕಾದರೆ ಬಾಚಿ ಚೀಲಕ್ಕೆ ಹಾಕಿಕೊಳ್ಳಲಿ. ಅವನು ಇಳಿದು ಹೋದಮೇಲೆ ತನ್ನದು. ಬೇರೆ ಗುಡಿಸುವ ಹೆಂಗಸರೂ ಇದನ್ನು ಮೀರುತ್ತಿರಲಿಲ್ಲ. ಅವಸರ ಮಾಡಿದವಳ ಕೈಯಿಂದ ಅತ್ತೆ ಪೊರಕೆ ಕಿತ್ತುಕೊಂಡದ್ದನ್ನು ನಾನೇ ನೋಡಿದ್ದೇನೆ.

ಅದೇ ಕಟ್ಟೆಯ ಮೇಲೆ ದಲ್ಲಾಳಿಗಳು ಪ್ರತಿ ಚೀಲಕ್ಕೂ ಕೊಳವೆ ಚುಚ್ಚಿ ಮಾದರಿಯೆಂದು ಒಂದು ಹಿಡಿ ಕಾಳು ತೆಗೆಯುತ್ತಿದ್ದರು. ನೋಡಿದ ಮೇಲೆ ಅದು ಚೀಲಕ್ಕೆ ಮರಳುತ್ತಿರಲಿಲ್ಲ, ಅವರ ಅಂಗಡಿಯ ಡ್ರಮ್ಮಿಗೆ ಬೀಳುತ್ತಿತ್ತು. ಸುಗ್ಗಿಯಲ್ಲಿ ಆ ಡ್ರಮ್ಮುಗಳು ಮಧ್ಯಾಹ್ನಕ್ಕೇ ತುಂಬುತ್ತಿದ್ದವು. ಅದಕ್ಕೆ ಯಾರೂ ಕೆಟ್ಟ ಹೆಸರಿಡಲಿಲ್ಲ. ಪದ್ಧತಿ ಎನ್ನುತ್ತಿದ್ದರು.

ಮೊನ್ನೆ ಸುಗ್ಗಿಯಲ್ಲಿ ಹೊಸ ತಗಡಿನ ಚಾವಣಿಯ ಉದ್ಘಾಟನೆಯಾಯಿತು. ದೊಡ್ಡ ಅಧಿಕಾರಿಯೊಬ್ಬರು ಬಂದು ಬಹಳ ಹೊತ್ತು ಮಾತನಾಡಿದರು. ಬೆಳೆಯುತ್ತಿರುವ ದೇಶಕ್ಕೆ ಕೃಷಿಯೇ ಬೆನ್ನೆಲುಬು, ಹೊಲದಲ್ಲಿ ಮಿಕ್ಕಿದ್ದರಿಂದಲೇ ಕಾರ್ಖಾನೆಗಳು ಏಳುತ್ತವೆ, ಒಂದು ಕಾಳೂ ಪೋಲಾಗಬಾರದು ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮೂರಿನ ಎಣ್ಣೆ ಗಿರಣಿ, ಕೋಳಿ ಆಹಾರದ ಕಾರ್ಖಾನೆ, ಲಾರಿಗಳ ಸಾಲು, ಬ್ಯಾಂಕು, ಬಟ್ಟೆ ಅಂಗಡಿ, ನಾನು ಓದಿದ ಕಾಲೇಜು ಎಲ್ಲವೂ ನಿಂತಿರುವುದು ಆ ಕಟ್ಟೆಗಳನ್ನು ದಾಟಿ ಹೋದ ಕಾಳಿನ ಮೇಲೆ. ಧ್ವನಿವರ್ಧಕದ ಮಾತು ಮನೆಯವರೆಗೂ ಕೇಳುತ್ತಿತ್ತು. ಮಂಚದ ಮೇಲಿದ್ದ ಮಾವ ತಟ್ಟೆಯಿಂದ ಕಣ್ಣೆತ್ತದೆ, "ದೇಶದ ಬೆನ್ನು ಗಟ್ಟಿ ಇದೆಯಂತೆ, ಒಳ್ಳೇದಾಯ್ತು. ಮನೇಲಿ ಒಬ್ರಾದ್ರೂ ನೆಟ್ಟಗಿರಬೇಕು" ಎಂದ.

ಒಂದು ಕಾಳೂ ಪೋಲಾಗಬಾರದು ಎಂಬ ಮಾತನ್ನು ಮಂಡಳಿಯ ಕಾರ್ಯದರ್ಶಿ ಮನಸ್ಸಿಗೆ ತೆಗೆದುಕೊಂಡರು. ದಲ್ಲಾಳಿಗಳ ಡ್ರಮ್ಮು ಅವರ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಅತ್ತೆಯ ಮೊರ. ಆ ವಾರವೇ ಕಟ್ಟೆ ಗುಡಿಸುವ ಕೆಲಸವನ್ನು ಗುತ್ತಿಗೆಗೆ ಕೊಟ್ಟರು. ಉದುರಿದ್ದೆಲ್ಲ ಇನ್ನು ಗುತ್ತಿಗೆದಾರನದು, ಗುಡಿಸುವವರಿಗೆ ದಿನಗೂಲಿ. ಹೊರಗೆ ಒಯ್ದರೆ ಕಳ್ಳತನ. ಗೇಟಿನಲ್ಲಿ ಕಾವಲುಗಾರ ಅತ್ತೆಯ ಕೈಚೀಲ ಬಿಚ್ಚಿಸಿದ, ಮಡಿಲು ಕೊಡವಿಸಿದ. ವರ್ಷಗಟ್ಟಲೆ ಅವಳಿಂದ ಎಲೆಯಡಿಕೆ ಇಸಿದುಕೊಂಡು ಹಾಕಿಕೊಂಡವನು ಅವನು. ಅವಳು ಸೆರಗು ಕೊಡವಿ ತೋರಿಸಿದಳು. ಒಂದು ಕಾಳು ಬಿತ್ತು. ಅವನು ಅದನ್ನು ಬಗ್ಗಿ ಎತ್ತಿಕೊಂಡ.

ಆ ಒಂದು ಕಾಳನ್ನು ನಾನು ಇವತ್ತಿಗೂ ನುಂಗಲಾರೆ.

ಕಾರ್ಯದರ್ಶಿ ಒರಟು ಮನುಷ್ಯರೇನಲ್ಲ. ಅತ್ತೆಯನ್ನು ಕರೆಸಿ ಕುರ್ಚಿ ಕೊಟ್ಟು, ಗುಡಿಸುವವರ ಮೇಲೆ ಮೇಸ್ತ್ರಿಯಾಗು, ಕೂಲಿ ಜಾಸ್ತಿ ಕೊಡಿಸುತ್ತೇನೆ, ಹೆಂಗಸರ ಮಡಿಲು ನೀನೇ ನೋಡಿದರೆ ಅವರಿಗೂ ಮುಜುಗರವಿಲ್ಲ ಎಂದರಂತೆ. ಅತ್ತೆ ಕುರ್ಚಿಯಿಂದ ಎದ್ದು ಬಂದಳು. ಉಳಿದ ಹೆಂಗಸರು ಬೇರೆ ದಾರಿ ಕಾಣದೆ ಕೂಲಿಗೆ ಸೇರಿದರು. ಅವಳು ಅವರನ್ನು ಬೈಯಲಿಲ್ಲ.

ಗುತ್ತಿಗೆದಾರನಿಗೆ ಚೀಲ ತುಂಬುವ ಆತುರ. ರೈತ ಕಟ್ಟೆಯ ಮೇಲಿರುವಾಗಲೇ ಅವನ ಕಾಲಡಿಯಲ್ಲಿ ಗುಡಿಸಿರೆಂದು ತಾಕೀತು ಮಾಡಿದ. ಅಂಥ ಒಂದು ದಿನ ಅತ್ತೆ ಪೊರಕೆಯಿಲ್ಲದೆ, ಹಮಾಲರು ನೀರು ಕುಡಿಯುವ ಜಾಗದಲ್ಲಿ ಸುಮ್ಮನೆ ಕೂತಿದ್ದಳು. ಮೆಕ್ಕೆಜೋಳ ಮಾರಲು ಬಂದಿದ್ದ, ಕಿವಿ ಸ್ವಲ್ಪ ಮಂದವಾದ್ದರಿಂದ ಕೂಗಿಯೇ ಮಾತನಾಡುವ ರೈತನೊಬ್ಬ ಅವಳನ್ನು ನೋಡಿ, ಯಾಕೆ ಹೀಗೆ ಕೂತಿದ್ದಾಳೆಂದು ವಿಚಾರಿಸಿದ. ಹಮಾಲನೊಬ್ಬ ಎಲ್ಲವನ್ನೂ ಹೇಳಿದ. ತೂಕವಾಯಿತು, ಹೊಲಿಗೆಯಾಯಿತು, ಚೀಲಗಳು ಹೋದವು. ರೈತ ಮಾತ್ರ ಕಟ್ಟೆ ಇಳಿಯಲಿಲ್ಲ.

"ನಾನಿನ್ನೂ ಇಳಿದಿಲ್ಲ. ಇದು ನನ್ನ ಕಾಳು. ಅತ್ತೆ, ಮೊರ ತಗೊಂಡು ಬಾ" ಎಂದ.

ಇಡೀ ಮಾರುಕಟ್ಟೆಗೆ ಕೇಳಿಸಿತು. ಗುತ್ತಿಗೆದಾರನ ಆಳು ಅಡ್ಡ ಬಂದಾಗ ರೈತ, ಇವನ್ಯಾರು, ನನ್ನ ಹೊಲದಲ್ಲಿ ಕಳೆ ಕಿತ್ತಿದ್ನಾ ಎಂದು ಹಮಾಲರನ್ನು ಕೇಳಿದ. ಹಮಾಲರು ನಕ್ಕರು. ಅತ್ತೆ ಗುಡಿಸುವ ಹೆಂಗಸೊಬ್ಬಳಿಂದ ಪೊರಕೆ, ಮೊರ ಇಸಿದುಕೊಂಡು ಮೆಟ್ಟಿಲೇರಿ ಬಂದು ಅವನ ಕಾಲಿನ ಸುತ್ತ ಗುಡಿಸಿದಳು. ಅವಳು ತನ್ನ ಕಟ್ಟುಪಾಡು ಮುರಿದದ್ದು ಅದೊಂದೇ ದಿನ. ಆಮೇಲೆ ಪಕ್ಕದ ಕಟ್ಟೆಯವನೂ ಇಳಿಯಲಿಲ್ಲ. ಗೇಟಿನ ಹೊರಗಿನವರೆಗೂ ರೈತರೇ ಅವಳ ಚೀಲ ಹೊತ್ತುಕೊಟ್ಟರು. ಕಾವಲುಗಾರ ಬೇರೆ ಕಡೆ ನೋಡಿದ.

ಮರುವಾರ ಹೊಸ ಆಜ್ಞೆ ಬಂತು. ತೂಕವಾದ ಕೂಡಲೇ ಮಾರಿದವರು ಕಟ್ಟೆ ಬಿಡಬೇಕು. ಒಬ್ಬ ಸೀಟಿ ಹಿಡಿದು ಓಡಾಡಿದ. ಬಿತ್ತಿದವನನ್ನು, ಕಳೆ ತೆಗೆದವನನ್ನು, ಕಾಡುಹಂದಿ ಬಾರದಂತೆ ಕಾಯಲು ಹೊಲದಲ್ಲೇ ಮಲಗಿದವನನ್ನು ಅವನದೇ ಕಾಳಿನ ಪಕ್ಕದಿಂದ ಸೀಟಿ ಊದಿ ಇಳಿಸಿದರು. ಉದ್ಘಾಟನೆಯ ದಿನ ದೇಶದ ಬೆನ್ನೆಲುಬು ಎಂದು ಕೈ ಮುಗಿದದ್ದು ಇವರಿಗೇ. ದಲ್ಲಾಳಿಯ ಕೊಳವೆಗೆ ಮಾತ್ರ ಯಾರೂ ಸೀಟಿ ಊದಲಿಲ್ಲ.

ಆಗ ರೈತರೇ ಒಂದು ಉಪಾಯ ತೆಗೆದರು. ಊರಿಂದ ಬರುವ ಟ್ರಾಕ್ಟರಿನ ಟ್ರೇಲರಿನಲ್ಲೂ ದಾರಿಯುದ್ದಕ್ಕೂ ಕಾಳು ಸೋರಿರುತ್ತದೆ. ಚೀಲ ಇಳಿಸಿ ಖಾಲಿ ಟ್ರೇಲರು ಹೊರಗೆ ಬಂದಾಗ, ಗೇಟು ದಾಟಿ ಮರದಡಿ ನಿಲ್ಲಿಸುತ್ತಿದ್ದರು. ಅತ್ತೆ ಹತ್ತಿ ಗುಡಿಸುತ್ತಿದ್ದಳು. ಹತ್ತುವುದು ಅವಳ ಮಂಡಿಗೆ ಕಷ್ಟ. ಒಬ್ಬ ಕೈ ಹಿಡಿದರೆ ಇನ್ನೊಬ್ಬ ಹಿಂದಿನಿಂದ, ಅತ್ತೆ, ಸೊಸೆ ಮನೆಗೆ ಹೋಗೋಕೆ ಇಷ್ಟು ಬಿಗುಮಾನವಾ ಎಂದು ರೇಗಿಸುತ್ತಿದ್ದ. ಮಾವನ ತಟ್ಟೆ ಮತ್ತೆ ಅರ್ಧ ತುಂಬತೊಡಗಿತು.

ಅದನ್ನೂ ಗುತ್ತಿಗೆದಾರ ಸಹಿಸಲಿಲ್ಲ. ಕಟ್ಟೆಯ ಮೇಲೆ ಉದುರಬೇಕಾದ ಕಾಳನ್ನು ರೈತರು ಬೇಕೆಂದೇ ಟ್ರೇಲರಿನಲ್ಲಿ ಉಳಿಸಿ ಹೊರಗೆ ತರುತ್ತಾರೆಂದು ದೂರಿದ. ಕಾರ್ಯದರ್ಶಿ ತಾವೇ ಮರದಡಿಗೆ ಬಂದರು. ಅವತ್ತು ನಾನೂ ಅಲ್ಲಿದ್ದೆ, ಮಾವನ ಔಷಧಿ ತಂದುಕೊಡಲು. ಅತ್ತೆ ಟ್ರೇಲರಿನ ಮೇಲಿದ್ದಳು.

"ಕೆಳಗಿಳಿ ಅತ್ತೆ. ಮಂಡಳಿಗೆ ನಷ್ಟ ಆಗ್ತಿದೆ" ಎಂದರು ಅವರು, ಮೆತ್ತಗೇ.

ಅತ್ತೆ ಪೊರಕೆಗೆ ಒರಗಿ ನಿಂತಳು. ಅವಳ ಹುಬ್ಬಿನ ಮೇಲೂ ಹೊಟ್ಟು ಕೂತಿತ್ತು.

"ಗಾಡಿ ಇವರದು ಸಾಹೇಬ್ರೇ. ಕಾಳು ಇವರದು. ಗುಡಿಸೋ ಕೈ ನಂದು. ನಿಮ್ದು ಅಂತ ಇಲ್ಲಿ ಏನು ಬಿದ್ದಿದೆ, ತೋರಿಸಿ. ಆರಿಸಿ ಕೊಡ್ತೀನಿ."

ಅವರು ನಿಜಕ್ಕೂ ಟ್ರೇಲರಿನೊಳಗೆ ಒಮ್ಮೆ ಇಣುಕಿದರು. ಆ ಟ್ರಾಕ್ಟರಿನ ರೈತ ಇಂಜಿನ್ ಚಾಲೂ ಮಾಡಿದ, ಆದರೆ ಗಾಡಿ ಮುಂದೆ ಬಿಡಲಿಲ್ಲ. ಹಿಂದೆ ಇನ್ನೊಂದು ಟ್ರಾಕ್ಟರು ಬಂದು ನಿಂತಿತು, ಅದರ ಹಿಂದೆ ಮತ್ತೊಂದು. ಅತ್ತೆ ಉತ್ತರಕ್ಕೆ ಕಾಯಲಿಲ್ಲ. ಮೂಲೆಯಲ್ಲಿ ಉಳಿದಿದ್ದ ಕಾಳಿನತ್ತ ಬಗ್ಗಿದಳು.