ಡ್ರಿಲ್ ಮೇಷ್ಟ್ರು ಮಕ್ಕಳಿಗೆ ಬೆನ್ನು ಮಾಡಿದ ದಿನ

ನನ್ನ ತಮ್ಮ ಹುಟ್ಟಿದಾಗ ಅತ್ತ ಅಳುವಿಗೆ ಆಚೆ ಬೀದಿಯವರೂ ಬಾಗಿಲು ತೆಗೆದು ನೋಡಿದರಂತೆ. ಅಮ್ಮ ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಮುಂದೆ ಆ ಗಂಟಲೇ ಅವನಿಗೆ ಅನ್ನ ಹಾಕಿತು. ಓದಿನಲ್ಲಿ ಅಷ್ಟಕ್ಕಷ್ಟೇ ಆದರೂ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾದ. ಮೈದಾನದ ಈ ತುದಿಯಲ್ಲಿ ನಿಂತು "ಬಲಕ್ಕೆ ತಿರುಗು!" ಎಂದರೆ ಆ ತುದಿಯ ಮಗುವಿನ ಹಿಮ್ಮಡಿ ತಾನಾಗಿ ತಿರುಗುತ್ತಿತ್ತು. ಮರದ ಮೇಲಿನ ಕಾಗೆಗಳೂ ಬಲಕ್ಕೇ ಹಾರುತ್ತವೆ ಎಂದು ನಾನು ರೇಗಿಸುತ್ತಿದ್ದೆ.

ನನ್ನವರು ತೀರಿಕೊಂಡ ಮೇಲೆ ನಾನು ತಮ್ಮನ ಮನೆಗೆ ಬಂದೆ. ಅವನು ಮದುವೆಯಾಗಿರಲಿಲ್ಲ. ಕೇಳಿದರೆ, "ಮನೆ ತುಂಬ ಮಕ್ಕಳಿದ್ದಾರಲ್ಲ ಅಕ್ಕ" ಎಂದು ಶಾಲೆಯ ಕಡೆ ಗಲ್ಲ ಎತ್ತುತ್ತಿದ್ದ. ಮಹಡಿಯ ಮೇಲೆ ಬಟ್ಟೆ ಹರವಲು ಹೋದರೆ ಮೈದಾನವೆಲ್ಲ ಕಾಣುತ್ತದೆ. ಬೆಳಗಿನ ಮಂಜಿನಲ್ಲಿ ಬಿಳಿ ಅಂಗಿಯ ಸಾಲುಗಳು ಒಮ್ಮೆಗೇ ತಿರುಗುವಾಗ ಯಾರೋ ದೊಡ್ಡ ಪುಸ್ತಕದ ಹಾಳೆ ಮಗುಚಿದಂತಿರುತ್ತಿತ್ತು. ನಾನು ಹಿಂಡಿದ ಸೀರೆಯನ್ನು ಕೈಯಲ್ಲೇ ಹಿಡಿದು ನಿಂತುಬಿಡುತ್ತಿದ್ದೆ.

ಮಕ್ಕಳಿಗೆ ಎದುರು ನಿಂತು ಡ್ರಿಲ್ ಹೇಳಿಕೊಡುವವರಿಗೆ ಒಂದು ಕಷ್ಟವಿದೆ. ಅವರು ಬಲಗೈ ಎತ್ತಿದರೆ ಸಣ್ಣ ಮಕ್ಕಳು ಕನ್ನಡಿ ನೋಡಿದಂತೆ ಎಡಗೈ ಎತ್ತುತ್ತಾರೆ. ಅದಕ್ಕೆ ನನ್ನ ತಮ್ಮ ಬಾಯಲ್ಲಿ "ಬಲ" ಎನ್ನುತ್ತ ತನ್ನ ಎಡಗೈ ಎತ್ತುವುದನ್ನು ರೂಢಿ ಮಾಡಿಕೊಂಡಿದ್ದ. ವರ್ಷಗಟ್ಟಲೆ ಹಾಗೆ ಮಾಡಿ ಮಾಡಿ ಅದು ಮೈಗೇ ಹತ್ತಿತ್ತು. ನನ್ನ ಪಕ್ಕದಲ್ಲೇ ಕೂತಿದ್ದರೂ, "ಕನ್ನಡಕ ನಿನ್ನ ಬಲಕ್ಕಿದೆ ಅಕ್ಕ" ಎಂದು ಎಡಕ್ಕೆ ಕೈ ತೋರಿಸುತ್ತಿದ್ದ. ನಾನು ತಡಕಾಡಿ ಗೋಡೆ ಮುಟ್ಟುತ್ತಿದ್ದೆ.

ಆಮೇಲೆ ಅವನ ಗಂಟಲಲ್ಲಿ ಗಂಟು ಬಂತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಮಾತಾಡಿದರೆ ಒಣಗಿದ ಎಲೆ ನೆಲದ ಮೇಲೆ ಸರಿದಷ್ಟು ಸದ್ದು. ಕಿರುಚಬಾರದು, ಸೀಟಿಯನ್ನೂ ಊದಬಾರದು ಎಂದರು ಡಾಕ್ಟರು. ಮೈದಾನಕ್ಕೆ ಬೇರೆ ಮೇಷ್ಟ್ರು ಬಂದರು.

ಅದೇ ಹೊತ್ತಿಗೆ ಶಾಲೆಗೆ ರೋಬೋಗಳು ಬಂದವು. ಮಕ್ಕಳಿಗೆ ಅವುಗಳಿಂದ ಕೋಡಿಂಗ್ ಕಲಿಸಬೇಕಂತೆ. ಬೇರೆ ಮೇಷ್ಟ್ರುಗಳೆಲ್ಲ ತಮ್ಮ ತಮ್ಮ ಪಾಠದ ನೆಪ ಹೇಳಿ ಜಾರಿಕೊಂಡರು. ಹೆಡ್‌ಮಿಸ್ ನನ್ನ ತಮ್ಮನನ್ನು ಕರೆಸಿ, "ಇದನ್ನ ನಡೆಸೋಕೆ ದನಿ ಬೇಡ ಮೇಷ್ಟ್ರೇ. ಈ ಟರ್ಮ್ ಮಾಡಿ ನೋಡಿ. ಕೊನೇಲಿ ನಾನೇ ಬಂದು ಕೂತ್ಕೊತೀನಿ. ಸರಿಹೋಗದಿದ್ರೆ ಹೊರಗಿನವರನ್ನ ಕರೆಸ್ತೀನಿ, ನಿಮಗೆ ಸ್ಟೋರ್ ರೂಮ್ ಇದ್ದೇ ಇದೆ" ಎಂದರು. ಕೆಟ್ಟ ಹೆಂಗಸಲ್ಲ ಆಕೆ. ಸ್ಟೋರ್ ರೂಮಿನಲ್ಲಿ ಗಾಳಿ ಹೋದ ಚೆಂಡುಗಳು, ಹರಿದ ಚಾಪೆಗಳು, ನೆರಳು. ಮೈಗೆ ಸುಖದ ಕೆಲಸವೇ.

"ಒಳ್ಳೇದಾಯ್ತಲ್ಲೋ, ಕೂತ್ಕೊಂಡು ಕೆಲಸ" ಎಂದೆ.

"ಅಲ್ಲಿಗೆ ಮಕ್ಕಳು ಬರಲ್ಲ ಅಕ್ಕ" ಎಂದ. ತಟ್ಟೆಯಲ್ಲಿದ್ದುದನ್ನು ಮುಟ್ಟದೆ ಎದ್ದುಹೋದ.

ಒಂದು ರೋಬೋವನ್ನು ಮನೆಗೆ ತಂದು ಅಡುಗೆಮನೆಯ ನೆಲದ ಮೇಲಿಟ್ಟ.

"ಇದೇನೋ, ಬಟ್ಟಲು ಕವುಚಿ ಹಾಕಿದ ಹಾಗಿದೆ?"

"ಇದೇ ರೋಬೋ."

"ಕೈಯಿಲ್ಲ, ಕಾಲಿಲ್ಲ. ಪಾತ್ರೆ ತೊಳೆಯುತ್ತಾ?"

"ಹೇಳಿದ ಕಡೆ ಹೋಗುತ್ತೆ."

"ನೀನು ಚಿಕ್ಕೋನಿದ್ದಾಗ ಅಷ್ಟು ಮಾಡಿದ್ದಿದ್ರೆ ಅಮ್ಮನ ತಲೆ ಅಷ್ಟು ಬೇಗ ನರೀತಿರಲಿಲ್ಲ."

ನಕ್ಕ. ಸದ್ದಿಲ್ಲ, ಭುಜ ಮಾತ್ರ ಕುಣಿಯಿತು. ಅದರ ಬೆನ್ನ ಮೇಲೆ ಮುಂದೆ, ಎಡ, ಬಲ ಎಂದು ಬಾಣದ ಗುರುತಿನ ಗುಂಡಿಗಳಿದ್ದವು. ಯಾವುದಾದ ಮೇಲೆ ಯಾವುದು ಎಂದು ಮೊದಲೇ ಒತ್ತಿಟ್ಟು, ಕೊನೆಗೆ ಹಸಿರು ಗುಂಡಿ ಒತ್ತಿದರೆ ಅದು ಹೊರಡುತ್ತದೆ. ಹೀಗೆ ಮೊದಲೇ ಹೇಳಿಡುವುದೇ ಕೋಡಿಂಗ್ ಅಂತೆ.

"ಹೊರಟ ಮೇಲೆ ನಡುವೆ ಬಾಯಿ ಹಾಕೋ ಹಾಗಿಲ್ಲ ಅಕ್ಕ."

"ಮದುವೆ ಮಾಡಿಸಿದ ಹಾಗೆ ಅನ್ನು."

ಆ ಮಧ್ಯಾಹ್ನಗಳು ಈಗಲೂ ಕಣ್ಣಿಗೆ ಕಟ್ಟಿವೆ. ಕಿಟಕಿಯ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿರುತ್ತಿತ್ತು. ನಾನು ಗೋಡೆಗೊರಗಿ ಅರೆನಿದ್ದೆಯಲ್ಲಿರುತ್ತಿದ್ದೆ. ಆ ಪುಟ್ಟದು ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ನೀರಿನ ಮೇಲಿನ ಬಾತುಕೋಳಿಯಂತೆ ತೇಲಿಹೋಗುತ್ತಿತ್ತು. ಅದರ ಹಿಂದೆ ಮಂಡಿಯೂರಿ ನನ್ನ ತಮ್ಮ. ಮನೆಯೇ ನೀರಿನಡಿ ಇದೆಯೇನೋ, ಯಾರಿಗೂ ಅಲ್ಲಿ ದನಿ ಬೇಕಾಗಿಲ್ಲವೇನೋ ಅನ್ನಿಸುತ್ತಿತ್ತು. ಕಣ್ಣು ಬಿಟ್ಟರೆ ರೋಬೋ ನನ್ನ ಸೆರಗಿನೊಳಗೆ ನುಗ್ಗಿ ಗುರುಗುರು ಎನ್ನುತ್ತಿರುತ್ತಿತ್ತು.

"ಬಾಗಿಲಿಗೆ ಕಳಿಸಿದ್ದೆ. ಮತ್ತೆ ಉಲ್ಟಾ ಆಯ್ತು" ಎನ್ನುತ್ತಿದ್ದ.

ಕ್ಲಾಸಿನಲ್ಲೂ ಅದೇ ಗೋಳು. ಎದುರು ನಿಂತು ಕೈಸನ್ನೆ ಮಾಡಿದಾಗ ಎಲ್ಲ ಸರಿಯಾಗುತ್ತಿತ್ತು. ಆದರೆ ಈ ಪಾಠದಲ್ಲಿ ಮೇಷ್ಟ್ರು ಮಕ್ಕಳ ಪಕ್ಕ ನೆಲದ ಮೇಲೆ ಕೂರಬೇಕಂತೆ. ಪಕ್ಕ ಕೂತರೂ ಕೈ ಹಳೆಯ ಚಾಳಿ ಬಿಡಬೇಕಲ್ಲ! ಬಲ ಎನ್ನುವಾಗ ಎಡಗೈ ಏಳುತ್ತಿತ್ತು. ಮಕ್ಕಳು ಪಿಸುಮಾತು ಕೇಳಿಸದೆ ಕೈ ನೋಡಿ ಗುಂಡಿ ಒತ್ತುತ್ತಿದ್ದರು. ರೋಬೋಗಳು ಬೀರುವಿನಡಿ ನುಗ್ಗಿ ಧೂಳು ಮೆತ್ತಿಕೊಂಡು ಬರುತ್ತಿದ್ದವು. ಆ ಕ್ಲಾಸಿನ ಒಬ್ಬ ಹುಡುಗಿ ಬಾಯಿಬಡುಕಿ, ಎಲ್ಲರೂ ಪಟಾಕಿ ಎಂದೇ ಕರೆಯುವುದು. ಅವಳೊಂದು ದಿನ, "ಮೇಷ್ಟ್ರೇ, ಪಕ್ಕದಲ್ಲಿ ಕೂತಿದ್ರೂ ನೀವಿನ್ನೂ ನಮ್ಮೆದುರೇ ನಿಂತಿದೀರ" ಎಂದಳಂತೆ. ಮನೆಗೆ ಬಂದು ಹೇಳಿದ. ಗಾಯಕ್ಕೆ ಉಪ್ಪು ಸವರಿದಳಲ್ಲ ಎಂದುಕೊಂಡೆ ನಾನು. ಅವನು ಮಾತ್ರ ಎಲ್ಲೋ ನೋಡುತ್ತ ಕೂತಿದ್ದ.

ಹೆಡ್‌ಮಿಸ್ ಬಂದು ಕೂರುವ ದಿನ ಬಂತು. ಹಿಂದಿನ ಸಂಜೆ ಅವನು ರೋಬೋಗಳನ್ನೆಲ್ಲ ಓಡಿಸಿ ಓಡಿಸಿ ಪರೀಕ್ಷೆ ಮಾಡಿ, ಅದೇ ಸಡಗರದಲ್ಲಿ ಚಾರ್ಜಿಗೆ ಹಾಕುವುದನ್ನೇ ಮರೆತುಬಂದಿದ್ದ. ಬೆಳಿಗ್ಗೆ ಮಕ್ಕಳು ಹಸಿರು ಗುಂಡಿ ಒತ್ತಿದರೆ ಒಂದೂ ಮಿಸುಕಲಿಲ್ಲವಂತೆ.

ನಾನು ಮಹಡಿಯ ಮೇಲಿದ್ದೆ. ಕ್ಲಾಸಿನೊಳಗೆ ಇರಬೇಕಾದ ಮಕ್ಕಳು ಮೈದಾನಕ್ಕೆ ಬಂದದ್ದು ಕಂಡಿತು. ಹಿಂದೆ ಹೆಡ್‌ಮಿಸ್, ಕೈಕಟ್ಟಿ, ಹುಬ್ಬು ಗಂಟಿಕ್ಕಿ. ಏನೋ ಎಡವಟ್ಟಾಗಿದೆ ಎಂದುಕೊಂಡೆ. ಮಕ್ಕಳು ಸಾಲಾಗಿ ನಿಂತರು. ನನ್ನ ತಮ್ಮ ಎಂದಿನಂತೆ ಅವರೆದುರು ಬಂದು ನಿಂತ. ಒಂದು ಗಳಿಗೆ ಅವರ ಮುಖಗಳನ್ನು ನೋಡಿದ. ಆಮೇಲೆ ಮೆಲ್ಲಗೆ ತಿರುಗಿ ಅವರಿಗೆ ಬೆನ್ನು ಮಾಡಿದ. ಎಷ್ಟು ವರ್ಷ ಅದೇ ಮೈದಾನವನ್ನು ನೋಡಿದವಳು ನಾನು. ಅವನು ಮಕ್ಕಳಿಗೆ ಬೆನ್ನು ಕೊಟ್ಟು ನಿಂತದ್ದನ್ನು ನೋಡಿರಲಿಲ್ಲ. ತನ್ನ ಬೆನ್ನನ್ನೇ ತಟ್ಟಿ ತೋರಿಸಿದ, ಇಲ್ಲಿ ಗುಂಡಿಗಳಿವೆ ಎನ್ನುವಂತೆ.

ಮೊದಲು ಅರ್ಥ ಮಾಡಿಕೊಂಡವಳು ಪಟಾಕಿಯೇ. "ಮೇಷ್ಟ್ರೇ ರೋಬೋ ಕಣ್ರೋ!"

ಆಮೇಲೆ ಕೇಳಬೇಕೆ? "ಮುಂದೆ! ಮುಂದೆ! ಬಲಕ್ಕೆ! ಮುಂದೆ!" ಎಂದು ಮೊದಲೇ ಎಲ್ಲ ಒದರಿ, ಬೆನ್ನಿಗೊಂದು ಗುದ್ದು ಕೊಟ್ಟರು. ಅವನು ನಡೆದ. ಬಲ ಎಂದಲ್ಲಿ ಬಲಕ್ಕೇ ತಿರುಗಿದ. ಅವನ ಬಲವೂ ಅವರ ಬಲವೂ ಒಂದೇ ಆಗಿತ್ತು. ನಲ್ಲಿಯ ಕೆಸರಿಗೆ ಕಾಲಿಟ್ಟ.

"ಅಯ್ಯೋ, ಕೆಸರು ಮೇಷ್ಟ್ರೇ!"

"ನೀನೇ ತಾನೇ ಒಂದು 'ಮುಂದೆ' ಜಾಸ್ತಿ ಹೇಳಿದ್ದು, ದಡ್ಡ!"

"ನೀನು ಬಲ ಲೇಟಾಗಿ ಹೇಳಿದೆ!"

ಜಗಳವಾಡಿದರು, ಮೊದಲಿನಿಂದ ಹೇಳಿದರು, ತಿದ್ದಿದರು. ಅವನು ಕಳೆದುಕೊಂಡ ದನಿ ಚೂರುಚೂರಾಗಿ ಆ ಮಕ್ಕಳ ಬಾಯಿಗಳಿಗೆ ಹೋಗಿ ಸೇರಿದಂತೆ ನನಗೆ ಕೇಳಿಸಿತು. ಬಿಸಿಲು ಏರುತ್ತಿತ್ತು, ಮಣ್ಣಿನಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಅದರ ನಡುವೆ ಅವನು ಕಣ್ಣು ಅರೆಮುಚ್ಚಿ, ನೆಲ ಸೋಕದವನಂತೆ ನಡೆದಾಡುತ್ತಿದ್ದ.

ಕೊನೆಗೆ ಪಟಾಕಿಯ ಸರದಿ. ಅವಳಿಗೆ ಒಂದೊಂದೇ ಹೆಜ್ಜೆ ಹೇಳಿ ಸಾಕಾಗಿತ್ತು. "ಗೋಡೆ ಸಿಗೋವರೆಗೂ ಮುಂದೆ!" ಎಂದು ಕೂಗಿ ಬೆನ್ನು ಗುದ್ದಿದಳು. ಅವನ ಎದುರಿಗೆ ಶಾಲೆಯ ಗೇಟು. ಅದು ಹಾರುಹೊಡೆದಿತ್ತು.

ಅವನು ಗೇಟು ದಾಟಿದ. ಓಣಿಗಿಳಿದ. ಸೈಕಲ್ಲಿನವನೊಬ್ಬ ಬ್ರೇಕ್ ಹಾಕಿ ಬಾಯಿ ಬಿಟ್ಟು ನಿಂತ. ಮಕ್ಕಳೆಲ್ಲ ಹೋ ಎಂದು ಹಿಂದೆ ಓಡಿದರು. ಅವರ ಹಿಂದೆ ಸೀರೆಯ ನೆರಿಗೆ ಎತ್ತಿ ಹಿಡಿದು ಹೆಡ್‌ಮಿಸ್. "ನಿಲ್ಲಿ ಮೇಷ್ಟ್ರೇ! ಎಲ್ಲಿಗೆ ಹೊರಟ್ರಿ?"

ನಿಲ್ಲಲಿಲ್ಲ. ಆಚೆ ಬದಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡ ಹಿಟ್ಟಿನ ಗಿರಣಿಯ ಗೋಡೆಗೆ ಮೂಗು ತಾಗಿದ ಮೇಲೆ ನಿಂತ.

ನಾನು ಮಹಡಿಯ ಕಟ್ಟೆ ಹಿಡಿದು ಬಾಗಿದೆ. ಹೆಡ್‌ಮಿಸ್ ಏದುಸಿರು ಬಿಡುತ್ತ ಬಂದರು. "ಏನಿದು? ತಪ್ಪು ಯಾರದು?"

"ನಮ್ದು ಮಿಸ್" ಎಂದಳು ಪಟಾಕಿ. "ಗೇಟ್ ಇದೆ ಅಂತ ನಾವು ಹೇಳ್ಲಿಲ್ಲ. ರೋಬೋದೇನೂ ತಪ್ಪಿಲ್ಲ."

"ಈಗೇನು ಮಾಡ್ತೀರ?"

"ಮೊದಲಿಂದ ಹೇಳ್ತೀವಿ" ಎಂದರು ಎಲ್ಲರೂ, ಅದೇನು ಕೇಳುವ ಮಾತೇ ಎನ್ನುವಂತೆ.

ಹೆಡ್‌ಮಿಸ್ ಅವನ ಪಕ್ಕಕ್ಕೆ ಬಂದು ಬಗ್ಗಿದರು. ಹಿಟ್ಟು ಮೆತ್ತಿದ ಅವನ ಮೂಗು ನೋಡಿ ತುಟಿ ಕಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ. "ಹೊರಗಿನವರನ್ನ ಕರೆಸಲ್ಲ ಮೇಷ್ಟ್ರೇ. ಮುಂದಿನ ಟರ್ಮಿಗೂ ನೀವೇ. ಆದ್ರೆ ಗೇಟ್ ಹಾಕ್ಕೊಂಡು ಪಾಠ ಮಾಡಿ. ಈಗ ಒಳಗೆ ಬನ್ನಿ."

ಅವನು ಗೋಡೆಗೆ ಮೂಗಿಟ್ಟು ನಿಂತೇ ಇದ್ದ. ಕಿವಿಯವರೆಗೂ ನಗುತ್ತಿದ್ದುದು ಮೇಲಿನಿಂದ ನನಗೆ ಕಾಣುತ್ತಿತ್ತು.

"ಅವರು ಹಾಗೆಲ್ಲ ಬರಲ್ಲ ಮಿಸ್" ಎಂದಳು ಪಟಾಕಿ. "ನೀವೂ ಬನ್ನಿ, ಹಿಂದೆ ನಿಂತ್ಕೊಳ್ಳಿ. ಎಲ್ಲಾ ಸೇರಿ ಹೇಳೋಣ."